ನೀರ ಕೀಲಿ

ಟ್ರಂಪೆಟ್ಟಿನ ಹೊಟ್ಟೆಯಡಿ ಒಂದು ಪುಟ್ಟ ಕೀಲಿ ಇರುತ್ತದೆ.
ಒತ್ತಿ ಊದಿದರೆ
ಒಳಗೆ ಕಟ್ಟಿದ ಉಸಿರಿನ ನೀರು
ಮದುವೆ ಹಾಲಿನ ಹಿಂದೆ, ಸಿಮೆಂಟಿನ ಮೇಲೆ
ನಾಲ್ಕು ಹನಿ ಬೀಳುತ್ತದೆ.
ನನ್ನ ಎದೆಗೆ ಅಂಥ ಕೀಲಿ ಇಲ್ಲ.

ಏಳನೇ ವರ್ಷದ ನಾಯಿಕೆಮ್ಮು
ಹೋಗುವಾಗ ಶ್ವಾಸನಾಳಗಳನ್ನು ಸಡಿಲ ಬಿಟ್ಟು ಹೋಗಿತ್ತು,
ಹಳೆ ಪೈಜಾಮದ ಇಲಾಸ್ಟಿಕ್ ಹಾಗೆ.
ಕಫ ಅಲ್ಲೇ ನಿಲ್ಲುತ್ತದೆ,
ಜೆಪ್ಪುವಿನ ನಮ್ಮ ಓಣಿಯಲ್ಲಿ ಜುಲೈ ನೀರು ನಿಂತ ಹಾಗೆ.
ಆದರೂ ಮೂವತ್ತೊಂದು ವರ್ಷ ಊದಿದೆ.
ಬೆಳಿಗ್ಗೆ ಹೆಣದ ಮುಂದೆ, ಸಂಜೆ ಹೆಣ್ಣಿನ ಮುಂದೆ,
ಒಂದೇ ಕೋಟು.

ಹೋದ ತಪಸ್ಸುಕಾಲದಲ್ಲಿ ಆ ಕೋಟು ದೊಡ್ಡದಾಯಿತು.
ಕರವಸ್ತ್ರದಲ್ಲಿ ಕೆಂಪು.
ಗಾಜಿನ ಚೂರಿನ ಮೇಲೆ ಕೆಂಪು ಕಡ್ಡಿಗಳು ಕಂಡವಂತೆ.
ಟಿಬಿ ಎಂದರು ಮೊದಲು.
ಆ ಎರಡಕ್ಷರ ನನಗಿಂತ ಮುಂಚೆ ಮನೆ ತಲುಪಿತ್ತು.
ಸೆವ್ರಿನ್ ಏನೂ ಹೇಳಲಿಲ್ಲ.
ನನ್ನ ತಟ್ಟೆ, ನನ್ನ ಲೋಟ ಮಾತ್ರ
ಒಗೆಯುವ ಕಲ್ಲಿನ ಹತ್ತಿರ ಬೇರೆ ಕೂತವು.
"ಆರಾಮ ಮಾಡು, ಸೀಸನ್ ಮುಗಿಯಲಿ" ಎಂದ ಎಲಿಯಾಸಾಬ್;
ನನ್ನ ಜಾಗಕ್ಕೆ ಕುಂಪಲದ ಹುಡುಗ ಬಂದ.
ಕ್ಲಾರಿನೆಟ್ಟಿನ ವಾಮನ ದೇವಾಡಿಗ ಒಬ್ಬನೇ
ನೋಡಲು ಬಂದ. ಗೇಟಿನಾಚೆ, ಬೈಕಿನಿಂದ ಇಳಿಯದೆ,
ಹೊಸ ಹಾಡಿನ ಹಾಳೆ ಗೋಡೆಯ ಮೇಲಿಟ್ಟು
ಅದರ ಮೇಲೊಂದು ಕಲ್ಲಿಟ್ಟು ಹೋದ.

ಏಳು ವಾರ ಕಾವು ಕೊಟ್ಟ ಮೇಲೆ
ನನ್ನ ಕಫ ತನ್ನ ನಿಜ ಹೆಸರು ಹೇಳಿತು.
ಡಾಕ್ಟರಮ್ಮ ಎರಡು ಸಲ ಓದಿದರು:
"ಇದು ಕ್ಷಯ ಅಲ್ಲ, ಕ್ಷಯದ ದಾಯಾದಿ.
ಅದೇ ಮುಖ, ಬೇರೆ ಬುದ್ಧಿ.
ಒಬ್ಬರಿಂದೊಬ್ಬರಿಗೆ ಬರುವ ಜಾತಿಯಲ್ಲ.
ನೀರಿನದು, ಮಣ್ಣಿನದು,
ನಳ್ಳಿಯೊಳಗಿನ ಲೋಳೆಯದು.
ಗಟ್ಟಿ ಎದೆ ಕಂಡರೆ ದಾಟಿ ಹೋಗುತ್ತದೆ,
ಹಾಳುಬಿದ್ದ ಕೋಣೆ ಸಿಕ್ಕರೆ
ಬಾಡಿಗೆ ಕೊಡದೆ ಕೂರುತ್ತದೆ."
ಆಮೇಲೆ ಕೇಳಿದರು, ಏನು ಕೆಲಸ ನಿಮಗೆ.
ಹೇಳಿದೆ.
ಪೆನ್ನಿನ ಮುಚ್ಚಳ ಕಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅದರ ಒಳಗೆ ತೊಳೆದದ್ದು ಯಾವಾಗ?"

ಹೊರಗೆ ಪ್ರತಿ ಶನಿವಾರ, ಹುಳಿ ಹಾಕಿ, ಮುಖ ಕಾಣುವಷ್ಟು.
ಒಳಗೆ?
ಮನೆಗೆ ಬಂದು ಕೊಳವೆ ಎಳೆದು ಬ್ರಶ್ ತೂರಿಸಿದೆ.
ಪಾಚಿಯಂಥದು ಬಂತು. ವಾಸನೆ ಇರಲಿಲ್ಲ.
ಅಲ್ಲಿಂದಲೇ ಬಂದದ್ದೋ,
ಬಚ್ಚಲಿನ ಬಿಸಿನೀರ ಹಬೆಯಿಂದಲೋ,
ಸೆವ್ರಿನ್‌ಳ ಮಲ್ಲಿಗೆ ಕುಂಡಗಳ ಮಣ್ಣಿನಿಂದಲೋ.
ಖಚಿತ ಹೇಳಲಾಗದು ಅಂದರು ಡಾಕ್ಟರಮ್ಮ.
ಯಾರನ್ನೂ ಬೈಯುವ ಹಾಗಿಲ್ಲ ಎಂಬುದು
ಕಾಯಿಲೆಗಿಂತ ಕಷ್ಟ.

"ಹರಡುವುದಿಲ್ಲವಂತೆ" ಎಂದೆ ಊಟಕ್ಕೆ ಕೂತಾಗ.
ಸೆವ್ರಿನ್ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.
ಮರುದಿನ ಲೋಟ ಕಪಾಟಿಗೆ ಮರಳಿತ್ತು, ಉಳಿದವುಗಳ ನಡುವೆ.
ಯಾವುದೆಂದು ನನಗೆ ಗೊತ್ತು, ಅಂಚಿನಲ್ಲೊಂದು ತಗ್ಗು.
ಅವಳಿಗೂ ಗೊತ್ತು.
ನೆಂಟರು ಬಂದ ದಿನ ಅದರಲ್ಲಿ ಅವಳೇ ಕುಡಿಯುತ್ತಾಳೆ.

ಇನ್ನು ಒಂದೂವರೆ ವರ್ಷ ಮೂರು ಬಗೆ ಮಾತ್ರೆ.
ಮೂತ್ರ ಕಿತ್ತಳೆ, ಬಾಯಿಗೆ ಹಿತ್ತಾಳೆ ರುಚಿ
(ಅದು ಮೊದಲೂ ಇತ್ತು).
ತಿಂಗಳಿಗೊಮ್ಮೆ ಕಣ್ಣಿನವರು
ಚುಕ್ಕಿಗಳ ಗುಂಪಿನಲ್ಲಿ ಅಂಕಿ ಹುಡುಕಿಸುತ್ತಾರೆ,
ಕೆಂಪು ಹಸಿರು ಮಾಸಲಿಲ್ಲ ತಾನೇ ಎಂದು.

ಊದುವುದು ನಿಂತಿಲ್ಲ.
ಫಿಸಿಯೋ ಝುಲೇಖಾ ಒಂದು ಪ್ಲಾಸ್ಟಿಕ್ ಪೀಪಿ ಕೊಟ್ಟಿದ್ದಾಳೆ,
ಒಳಗೆ ಉಕ್ಕಿನ ಗುಂಡು. ಊದಿದರೆ ಎದೆಯೆಲ್ಲ ನಡುಗುತ್ತದೆ.
ಒಂದೇ ಸ್ವರ, ಬಿ ಫ್ಲಾಟಿಗಿಂತ ಕೂದಲೆಳೆ ಕೆಳಗೆ.
ಸರಿಮಾಡಲು ನೋಡುತ್ತೇನೆ.
"ಅಂಕಲ್, ಸುಮ್ಮನೆ ಊದಿ, ಹಾಡಬೇಡಿ."
ಏಳನೆಯದಕ್ಕೆ ಆಳದಲ್ಲೇನೋ ಕದಲುತ್ತದೆ,
ಕೆಮ್ಮಿ, ಬಾಗಿ, ಡಬ್ಬಿಗೆ.
ಮುಚ್ಚಳದ ಮೇಲೆ ಅವಳು ನನ್ನ ಹೆಸರು ಬರೆಯುತ್ತಾಳೆ,
ಗ್ರೇಶಿಯನ್ ಪಿರೇರಾ, ಒಂದಕ್ಷರ ತಪ್ಪು.

ಮತ್ತೆ ಏಳು ವಾರ. ತೆನೆಹಬ್ಬದ ಹೊತ್ತಿಗೆ ಉತ್ತರ.
ಇಗರ್ಜಿಯಲ್ಲಿ ಎಲ್ಲರೂ ಬೆಳೆದದ್ದಕ್ಕೆ ಹಾಡುವಾಗ
ಹಿಂದಿನ ಬೆಂಚಿನಲ್ಲಿ ಒಬ್ಬ,
ಏನೂ ಬೆಳೆಯದಿರಲಿ ಎಂದು.